ಎಲ್ಲಾ ಆನ್‌ಲೈನಲ್ಲಿ ಸಿಗುತ್ತದೆ ಎನ್ನುವವರಿಗೆ

ಬೆಂಗಳೂರಿನಲ್ಲಿ ಯಾವ ವಸ್ತುವಿನ ಹೆಸರೆತ್ತಿದರೂ ಒಂದೇ ಉತ್ತರ: ‘ಆನ್‌ಲೈನಲ್ಲಿ ಸಿಗತ್ತಲ್ಲ!’ ಮುದ್ರಣ ನಿಂತ ಪುಸ್ತಕವಾಗಲಿ, ಅಜ್ಜಿಯ ಮಂಡಿಪಟ್ಟಿಯಾಗಲಿ, ಹಳೇ ಮಿಕ್ಸಿಯ ಜಾರಾಗಲಿ. ಹೇಳಿದವರು ಫೋನ್ ತೆಗೆದು ಎರಡು ನಿಮಿಷದಲ್ಲಿ ತೋರಿಸಿಯೂ ಬಿಡುತ್ತಾರೆ. ಆ ಎರಡು ನಿಮಿಷದ ಆಚೆಗೆ ಏನಾಗುತ್ತದೆ ಎನ್ನುವುದು ಅವರ ತಲೆನೋವಲ್ಲ. ಅದು ನನ್ನ ತಲೆನೋವು. ನಾಲ್ಕು ವರ್ಷದಿಂದ ಗವಿಪುರಂನ ಒಂದು ಮಹಡಿ ಕೋಣೆಯಲ್ಲಿ ಕೂತು ಪಿಎಚ್‌ಡಿ ಬರೆಯುತ್ತಿರುವ ನಾನು, ಅದೇ ನಾಲ್ಕು ವರ್ಷದಿಂದ ಉಡುಪಿ ಜಿಲ್ಲೆಯ ಗಂಗೊಳ್ಳಿಯ ಮೂರು ನಾಡದೋಣಿಗಳಿಗೆ ಔಟ್‌ಬೋರ್ಡ್ ಮೋಟಾರಿನ ಬಿಡಿಭಾಗ ತರಿಸಿಕೊಡುವ ಏಜೆಂಟೂ ಹೌದು. ಸಂಬಳವಿಲ್ಲದ ಏಜೆಂಟು. ಒಂದು ದೋಣಿ ನನ್ನ ಸೋದರಮಾವನದು, ಉಳಿದೆರಡು ಅವರ ನೆರೆಯವರದು. ಪಿಎಚ್‌ಡಿ ಮಾಡುವವರಿಗೆ ಬೇರೇನು ಕೆಲಸ ಎನ್ನುವುದು ನಮ್ಮ ಮನೆಯಲ್ಲಿ ಸರ್ವಾನುಮತದ ಅಭಿಪ್ರಾಯ.

ನನ್ನ ವಿಳಾಸವೇ ಏಕೆಂದರೆ, ವಿದೇಶದ ಮಾರಾಟಗಾರರಲ್ಲಿ ಕೆಲವರು ಊರಿನ ಪಿನ್‌ಕೋಡ್ ಕಂಡರೆ ಕಳಿಸುವುದಿಲ್ಲ. ಕಳಿಸಿದರೂ ಆಧಾರ್ ಪ್ರತಿ ಕೇಳುವ ಇಂಗ್ಲಿಷ್ ಇಮೇಲು, ಒಟಿಪಿ, ‘ವಸ್ತುವಿನ ಉಪಯೋಗವೇನು’ ಎಂಬ ನಮೂನೆ ಇವನ್ನೆಲ್ಲ ಯಾರಾದರೂ ಕೂತು ತುಂಬಬೇಕು. ಬೆಳಗಿನ ಜಾವ ಮೂರಕ್ಕೆ ಕಡಲಿಗೆ ಇಳಿಯುವವರಿಗೆ ಮಧ್ಯಾಹ್ನ ಬರುವ ಒಟಿಪಿ ಹಿಡಿಯಲಾಗುವುದಿಲ್ಲ. ಹಾಗಾಗಿ ದೋಣಿಯೇ ಇಲ್ಲದ ಕೆಂಪಾಂಬುಧಿ ಕೆರೆಯ ಪಕ್ಕದ ಬೀದಿಗೆ ಜಪಾನಿನ, ಸಿಂಗಪುರದ, ದುಬೈಯ ಪೊಟ್ಟಣಗಳು ಬರುತ್ತವೆ. ಅಲ್ಲಿಂದ ರಾತ್ರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕುಂದಾಪುರಕ್ಕೆ ಹೋಗುತ್ತವೆ. ಈ ಅನುಭವದ ಮೇಲೆ ನಾನು ಹೇಳುತ್ತೇನೆ: ಸಿಗುವುದು ಬೇರೆ, ತಲುಪುವುದು ಬೇರೆ. ನಮ್ಮ ಸರ್ಕಾರ, ನಮ್ಮ ಮಾರುಕಟ್ಟೆ, ಕಡಲನ್ನು ಪ್ರೀತಿಸುವ ನಮ್ಮ ಸಾಹಿತ್ಯವಲಯ ಮೂರೂ ಈ ವ್ಯತ್ಯಾಸವನ್ನು ಮೀನುಗಾರನ ಹೆಗಲಿಗೆ ಹೊರಿಸಿ ಆರಾಮವಾಗಿವೆ.

ಮೊದಲು ಸಾಹಿತ್ಯವಲಯದ ವಿಚಾರವನ್ನೇ ಮುಗಿಸುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವವರು ನಾವೇ. ನಾಡದೋಣಿ ಎಂದ ತಕ್ಷಣ ವಿಚಾರ ಸಂಕಿರಣಗಳಲ್ಲಿ ಕಣ್ಣ ಮುಂದೆ ಬರುವುದು ಹುಟ್ಟು ಹಾಕುತ್ತ ಹಾಡು ಹೇಳುವ ಗಂಡಸರು. ನನ್ನ ಸಂಶೋಧನೆ ಕರಾವಳಿಯ ಮೀನುಗಾರಿಕೆಯ ಪದಸಂಪತ್ತಿನ ಮೇಲೆ. ಸಂಕಿರಣಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳೆಲ್ಲ ಹಾಡಿನ ಬಗ್ಗೆ, ನಂಬಿಕೆಯ ಬಗ್ಗೆ, ರಂಪಣಿ ಬಲೆಯ ಕಾಲದ ಬಗ್ಗೆ. ಎಂಜಿನ್ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. 1980ರ ದಶಕದಿಂದ ನಮ್ಮ ಪಡುವಣ ಕರಾವಳಿಯ ಸಾಂಪ್ರದಾಯಿಕ ದೋಣಿಗಳಿಗೆ ಮೋಟಾರು ಬರತೊಡಗಿತು. ‘ಸಾಂಪ್ರದಾಯಿಕ ದೋಣಿಗಳ ಮೋಟಾರೀಕರಣ’ ಎಂಬ ಹೆಸರಿನ ಯೋಜನೆಯಲ್ಲಿ ಕೇಂದ್ರ ಸರ್ಕಾರವೇ ಸಹಾಯಧನ ಕೊಟ್ಟು ಅದನ್ನು ಹರಡಿತು. ಅಂದರೆ ಈಗ ಎರಡು ತಲೆಮಾರು ಆ ಮೋಟಾರಿನ ಸದ್ದಿನಲ್ಲೇ ಬೆಳೆದಿದೆ. ನಾಡದೋಣಿ ಎನ್ನುವುದು ಈಗ ಹುಟ್ಟಿನ ದೋಣಿಯಲ್ಲ. ಹಿಂಬದಿಗೆ ಮೋಟಾರು ಕಚ್ಚಿಕೊಂಡ ದೋಣಿ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಿಸಿ ಓಡಿಸುವ ಮೋಟಾರು.

ಆ ಮೋಟಾರು ಕೆಡುವ ಬಗೆ ಗೊತ್ತಿದ್ದರೆ ಮುಂದಿನ ಜಗಳ ಅರ್ಥವಾಗುತ್ತದೆ, ಆದ್ದರಿಂದ ಸ್ವಲ್ಪ ತಾಳ್ಮೆಯಿರಲಿ.

ಮೋಟಾರಿನ ತಳಭಾಗದಲ್ಲಿ, ನೀರೊಳಗೆ, ರಬ್ಬರಿನ ಒಂದು ಪುಟ್ಟ ಚಕ್ರವಿದೆ. ಹೂವಿನ ಎಸಳಿನ ಹಾಗೆ ರೆಕ್ಕೆಗಳು. ಇಂಪೆಲ್ಲರ್ ಎನ್ನುತ್ತಾರೆ, ಗಂಗೊಳ್ಳಿಯ ನಮ್ಮ ಮೆಕ್ಯಾನಿಕ್ ‘ನೀರಿನ ಫ್ಯಾನು’ ಎನ್ನುತ್ತಾರೆ. ಅದು ಕಡಲ ನೀರನ್ನೇ ಎಳೆದು ಎಂಜಿನ್ ತಂಪು ಮಾಡಿ ಹೊರಗೆ ಬಿಡುತ್ತದೆ. ಹಾಗೆ ಬಿಟ್ಟ ನೀರು ಪಕ್ಕದ ತೂತಿನಿಂದ ಸಣ್ಣ ಧಾರೆಯಾಗಿ ಬೀಳುತ್ತಿರಬೇಕು. ‘ಉಚ್ಚೆ ಹೊಯ್ಯುತ್ತಿದೆಯಾ ನೋಡು’ ಎನ್ನುವುದು ದೋಣಿಯ ಮೊದಲ ಪಾಠ. ಧಾರೆ ನಿಂತರೆ ಎಂಜಿನ್ ಕಾಯುತ್ತದೆ. ನಿಮಿಷಗಳಲ್ಲಿ ಪಿಸ್ಟನ್ ಹಿಡಿದುಕೊಳ್ಳಬಹುದು. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಮರಳು ಎದ್ದ ನೀರು ಈ ರಬ್ಬರನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ಅಳಿವೆ ದಾಟದೆ ಗಂಗೊಳ್ಳಿಯಿಂದ ಕಡಲಿಗೆ ದಾರಿಯಿಲ್ಲ. ಹಾಗಾಗಿ ಇಂಪೆಲ್ಲರ್ ಎನ್ನುವುದು ಚಪ್ಪಲಿಯಂತೆ, ಸವೆಯಲಿಕ್ಕೇ ಹುಟ್ಟಿದ್ದು.

ಇನ್ನು ಕಾಲದ ಲೆಕ್ಕ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ಅನುಮತಿ. ಟ್ರಾಲರು, ಪರ್ಸೀನ್ ದೋಣಿಗಳು ದಡದಲ್ಲಿರುವ ಆ ಎರಡು ತಿಂಗಳೇ ಸಣ್ಣವರ ಸುಗ್ಗಿ. ಮಳೆ, ತೂಫಾನು ಇರುವ ದಿನ ಕಳೆದರೆ ಉಳಿಯುವುದು ಬೆರಳೆಣಿಕೆಯ ದಿನಗಳು. ಆ ದಿನಗಳಲ್ಲಿ ರಬ್ಬರಿನ ಚಕ್ರ ಸವೆದರೆ ಮೂರು ದಾರಿ: ಸಿಗುವ ನಕಲಿ ಹಾಕಿ ದೇವರ ಮೇಲೆ ಭಾರ ಹಾಕುವುದು, ಬೇರೆ ಮಾದರಿಯದನ್ನು ಕೆತ್ತಿ ಕೂರಿಸುವುದು, ಅಥವಾ ದೋಣಿಯನ್ನು ದಡದಲ್ಲಿಟ್ಟು ಗವಿಪುರಂಗೆ ಫೋನ್ ಮಾಡುವುದು. ಮೊದಲೆರಡು ದಾರಿಗಳ ತುದಿಯಲ್ಲಿ ಏನಿದೆ ಎಂದು ಜೂನ್ ತಿಂಗಳ ಅಳಿವೆಯ ಅಲೆ ನೋಡಿದವರಿಗೆ ಹೇಳಬೇಕಿಲ್ಲ. ಅಲೆಗೆ ಮುಖ ಕೊಟ್ಟು ನಿಂತ ದೋಣಿಯ ಎಂಜಿನ್ ಅಲ್ಲಿ ನಿಂತರೆ, ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದರೆ ಮಗುಚುತ್ತದೆ. ನಾನು ‘ಬಿಡಿಭಾಗ’ ಎಂದಾಗ ನಿಮ್ಮ ಮನಸ್ಸಿಗೆ ಬರುವುದು ಗುಜರಿಯ ಅಂಗಡಿಯಾದರೆ, ನನ್ನ ಮನಸ್ಸಿಗೆ ಬರುವುದು ಇದು.

ಈಗ ಮೂರನೇ ದಾರಿಗೆ, ಅಂದರೆ ನನ್ನ ಫೋನಿಗೆ, ಬರೋಣ.

ಗವಿಪುರಂನಿಂದ ಜೆ.ಸಿ. ರಸ್ತೆ ದೂರವಿಲ್ಲ. ಕಾರು, ಲಾರಿ, ಆಟೋಗಳ ಯಾವ ಭಾಗ ಕೇಳಿದರೂ ಕೊಡುವ ಅಂಗಡಿಸಾಲು ಅಲ್ಲಿದೆ. ಅಲ್ಲಿ ನಾನು ಕಲಿತ ಮೊದಲ ಸಂಗತಿ: ಬೇರಿಂಗ್ ಎಂಬುದಕ್ಕೆ ಯಾವ ಕಂಪನಿಯ ಹಂಗೂ ಇಲ್ಲ. 6205 ಎಂದು ಕೇಳಿದರೆ ಲೋಕದ ಯಾವ ಮೂಲೆಯಲ್ಲೂ ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿಲಿಮೀಟರಿನ ಬೇರಿಂಗ್ ಕೊಡುತ್ತಾರೆ. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ. ಅಂಗಡಿಯ ಹುಡುಗ ಹೇಳಿಕೊಟ್ಟಿದ್ದು. ಆ ಸಂಖ್ಯೆ ಎಲ್ಲರ ಆಸ್ತಿ, ಅಕ್ಷರಮಾಲೆಯ ಹಾಗೆ. ಆಯಿಲ್ ಸೀಲ್ ಕೂಡ ಅಳತೆ ಹೇಳಿದರೆ ಬಹುಮಟ್ಟಿಗೆ ಸಿಕ್ಕೀತು. ಇಂಪೆಲ್ಲರ್ ಹಾಗಲ್ಲ. ಅದರ ಸಂಖ್ಯೆ ಕಂಪನಿಯ ಸ್ವಂತದ್ದು.

ವ್ಯಾಕರಣ ಓದಿದವರಿಗೆ ಇದು ಖುಷಿ ಕೊಡುವ ವಿಷಯ. ಯಮಹಾ ಕಂಪನಿಯ ಬಿಡಿಭಾಗದ ಸಂಖ್ಯೆಯಲ್ಲಿ ಮೊದಲ ಮೂರು ಅಕ್ಷರಾಂಕಗಳು ಮೋಟಾರಿನ ಮಾದರಿಯನ್ನು ಹೇಳುತ್ತವೆ, ನಡುವಿನ ಐದು ಅಂಕಿ ಭಾಗ ಯಾವುದೆಂದು ಹೇಳುತ್ತದೆ. 44352 ಎಂದಿದ್ದರೆ ಅದು ಇಂಪೆಲ್ಲರ್. ಮಾದರಿ ಯಾವುದಾದರೂ ಆಗಲಿ. ಕೊನೆಗೆ ಪರಿಷ್ಕರಣೆಯ ಅಂಕಿ. ಪ್ರಕೃತಿ, ಪ್ರತ್ಯಯ, ಆಗಮ! ಕೇಶಿರಾಜ ಇದ್ದಿದ್ದರೆ ಸೂತ್ರ ಬರೆಯುತ್ತಿದ್ದ. ನಮ್ಮ ಮೆಕ್ಯಾನಿಕ್ ಏಳನೇ ತರಗತಿ ಓದಿದವರು. ಇಂಥ ಸಂಖ್ಯೆಗಳು ಒಂದು ನೋಟ್‌ಬುಕ್ಕಿನ ತುಂಬ ಇವೆ, ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ. ನನ್ನ ಮಟ್ಟಿಗೆ ಅದು ನಾನು ನೋಡಿದ ಅತಿ ಉಪಯುಕ್ತ ನಿಘಂಟು. ಆದರೆ ವ್ಯಾಕರಣ ಗೊತ್ತಿದ್ದ ಮಾತ್ರಕ್ಕೆ ಭಾಷೆ ಆಡಲು ಬಿಡುವುದಿಲ್ಲ. ಆ ಸಂಖ್ಯೆಯ ಅಸಲಿ ವಸ್ತುವನ್ನು ಯಾರು ಯಾವ ದೇಶದಲ್ಲಿ ಎಷ್ಟು ಇಡಬೇಕು ಎಂದು ನಿರ್ಧರಿಸುವವರು ಬೇರೆ.

ಅವರ ನಿರ್ಧಾರದಲ್ಲಿ ನಮ್ಮ ಮೋಟಾರುಗಳದು ವಿಚಿತ್ರ ಪಾಡು. ಅಮೆರಿಕ, ಯುರೋಪಿನಲ್ಲಿ ಹೊಗೆಯ ನಿಯಮ ಬಿಗಿಯಾದ ಮೇಲೆ ಕಾರ್ಬುರೇಟರಿನ ಹಳೇ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳ ಹೊಸ ಮಾರಾಟ ಅಲ್ಲಿ ನಿಂತಿತು. ಅದೇ ಜಾತಿಯ ಮೋಟಾರು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಮೀನುಗಾರರಿಗೆ ಮಾರಾಟವಾಗುತ್ತಲೇ ಇದೆ. ಪರಿಣಾಮ ಏನೆಂದರೆ, ಸೊಗಸಾದ ಚಿತ್ರ, ಸರಿಯಾದ ಪಟ್ಟಿ, ಹಿಂದಿರುಗಿಸುವ ಸೌಲಭ್ಯ ಎಲ್ಲ ಇರುವ ಅಮೆರಿಕದ ಅಂಗಡಿತಾಣಗಳಲ್ಲಿ ನಮ್ಮ ಸೀಮೆಎಣ್ಣೆ ಮೋಟಾರೇ ಇರುವುದಿಲ್ಲ. ಇರುವುದು ದುಬೈ, ಬ್ಯಾಂಕಾಕ್, ಸಿಂಗಪುರದ ಸಣ್ಣ ಮಾರಾಟಗಾರರ ಬಳಿ, ಮಸುಕು ಫೋಟೋದೊಂದಿಗೆ. ಅಸಲಿಯೋ ನಕಲಿಯೋ ಫೋಟೋ ನೋಡಿ ಹೇಳಬೇಕು. ನಮ್ಮ ಮೆಕ್ಯಾನಿಕ್ ಅದನ್ನೂ ಹೇಳುತ್ತಾರೆ: ರಬ್ಬರಿನ ಅಂಚು, ನಡುವಿನ ಲೋಹದ ತೋಳಿನ ಹೊಳಪು ದೊಡ್ಡದು ಮಾಡಿ ನೋಡಿ ‘ಬೇಡ’ ಎಂದರೆ ಬೇಡ. ಈ ಜ್ಞಾನಕ್ಕೆ ಡಿಪ್ಲೊಮಾ ಇಲ್ಲ.

ಸರಿ, ಆರ್ಡರ್ ಮಾಡಿದೆವು. ಈಗ ಗಡಿ.

2022ರಲ್ಲಿ ಮೊದಲ ಪೊಟ್ಟಣ ತರಿಸಿದಾಗ ವಸ್ತು ಮತ್ತು ಸಾಗಣೆ ಸೇರಿ ಮೌಲ್ಯ ₹4,000. ಒಂದಷ್ಟು ಇಂಪೆಲ್ಲರ್, ಗ್ಯಾಸ್ಕೆಟ್, ಇಂಧನ ಪಂಪಿನ ಡಯಾಫ್ರಂ. ಸ್ವಂತ ಬಳಕೆಗೆ ಅಂಚೆ ಅಥವಾ ವಿಮಾನದಲ್ಲಿ ಬರುವ ವಸ್ತುಗಳಿಗೆಲ್ಲ ಸುಂಕಪಟ್ಟಿಯಲ್ಲಿ ಒಂದೇ ಶೀರ್ಷಿಕೆ, 9804. ಅದರ ಲೆಕ್ಕ ಆಗ ಹೀಗಿತ್ತು: ಮೂಲ ಸುಂಕ ಶೇ. 35, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಮೇಲ್ತೆರಿಗೆ; ಎಲ್ಲ ಸೇರಿದ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ. ಗುಣಿಸಿ ನೋಡಿದರೆ ಶೇ. 77.28. ನಾಲ್ಕು ಸಾವಿರದ ರಬ್ಬರಿಗೆ ₹3,091 ತೆರಿಗೆ. ಅದರ ಮೇಲೆ ಕೊರಿಯರಿನವರ ಶುಲ್ಕ ಬೇರೆ. ಈಚಿನ ಬಜೆಟ್‌ಗಳಲ್ಲಿ ಈ ದರ ಇಳಿದಿದೆ, ಸಂತೋಷ. ಆದರೆ ನನ್ನ ತಕರಾರು ದರದ ಮೇಲೆ ಮಾತ್ರ ಅಲ್ಲ, ಆ ಶೀರ್ಷಿಕೆಯ ಮೇಲೆ. ಸುಗಂಧದ ಸೀಸೆ, ಆಟದ ಗೊಂಬೆ, ಕ್ಯಾಮೆರಾದ ಲೆನ್ಸು, ಅಳಿವೆ ದಾಟಿಸುವ ಇಂಪೆಲ್ಲರ್ ಎಲ್ಲವೂ ಒಂದೇ ಬುಟ್ಟಿಯಲ್ಲಿ: ‘ಸ್ವಂತ ಬಳಕೆ’. ಶೋಕಿ ಎಂದು ಓದಿಕೊಳ್ಳಿ.

ಇದರಲ್ಲಿ ಒಂದು ದೊಡ್ಡ ವ್ಯಂಗ್ಯವಿದೆ. 2017ರ ಜಿಎಸ್‌ಟಿ ದರಪಟ್ಟಿಯನ್ನೇ ತೆರೆದು ನೋಡಿ. ಮೀನುಗಾರಿಕೆಯ ದೋಣಿ 8902ನೇ ಶೀರ್ಷಿಕೆ. ಅದರ ಬಿಡಿಭಾಗಗಳು ಯಾವ ಅಧ್ಯಾಯಕ್ಕೆ ಸೇರಿದರೂ ಶೇ. 5 ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂದರೆ ಕಾನೂನು ಬರೆದವರಿಗೆ ಮೀನುಗಾರ ಗೊತ್ತಿದ್ದಾನೆ. ಆದರೆ ಆ ಐದು ಪರ್ಸೆಂಟಿನ ಬಾಗಿಲಿಗೆ ಹೋಗಬೇಕಾದರೆ ನೀವು ಆಮದುದಾರರಾಗಿರಬೇಕು: ಆಮದು-ರಫ್ತು ಸಂಕೇತ ಸಂಖ್ಯೆ, ವಸ್ತುವಿನ ಸರಿಯಾದ ವರ್ಗೀಕರಣ, ಅದನ್ನು ವಾದಿಸಿ ಮಂಡಿಸುವ ಏಜೆಂಟು. ನೂರು ಮೋಟಾರು ತರಿಸುವವರಿಗೆ ಇದು ಸಾಧ್ಯ. ನಾಲ್ಕು ರಬ್ಬರ್ ಚಕ್ರ ತರಿಸುವವನ ಪೊಟ್ಟಣಕ್ಕೆ ‘ಇದು ಮೀನುಗಾರಿಕೆಯ ದೋಣಿಗೋ?’ ಎಂದು ಕೇಳುವ ಒಂದು ಚೌಕ ಆ ನಮೂನೆಯಲ್ಲಿ ನನಗೆ ಕಂಡಿಲ್ಲ. ದೊಡ್ಡವರ ಪಾಲಿಗೆ ಅದು ವೃತ್ತಿಯ ಉಪಕರಣ, ಸಣ್ಣವನ ಪಾಲಿಗೆ ಶೋಕಿ. ಇದನ್ನು ತೆರಿಗೆಯ ತಾಂತ್ರಿಕತೆ ಎಂದು ಕರೆಯಲು ನಾನು ಸಿದ್ಧವಿಲ್ಲ. ಅದೇ ಪೊಟ್ಟಣ ಜೂನ್ ಕೊನೆಯಲ್ಲಿ ದಾಖಲೆಯ ತಪಾಸಣೆಗೆಂದು 11 ದಿನ ಎಲ್ಲೋ ಕೂತಿತ್ತು. ‘ಔಟ್‌ಬೋರ್ಡ್ ಎಂದರೇನು, ಡ್ರೋನಿನದೋ?’ ಎಂದು ಒಬ್ಬರು ಫೋನಿನಲ್ಲಿ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಡಲಿಂದ ಅಷ್ಟು ದೂರ ಕೂತವರು.

ಹೋಲಿಕೆಗೆ ಇನ್ನೊಂದು ಗಡಿ ನೋಡೋಣ. ಕೆನಡಾದಲ್ಲಿ ಕೆರೆ-ಸರೋವರದ ದಡದವರು ತಮ್ಮ ದೋಣಿಯ ಮೋಟಾರಿನ ಭಾಗಗಳನ್ನು ಅಮೆರಿಕದಿಂದ ತರಿಸುವುದು ಮಾಮೂಲು. ಅವರಲ್ಲಿ ಬಹುತೇಕರದು ಮೋಜಿನ ದೋಣಿ, ವಾರಾಂತ್ಯದ ಗಾಳ. 2020ರಲ್ಲಿ ಜಾರಿಗೆ ಬಂದ ಉತ್ತರ ಅಮೆರಿಕದ ವ್ಯಾಪಾರ ಒಪ್ಪಂದದ ಪ್ರಕಾರ ಕೊರಿಯರಿನಲ್ಲಿ ಬರುವ 150 ಕೆನಡಿಯನ್ ಡಾಲರ್‌ವರೆಗಿನ ಪೊಟ್ಟಣಕ್ಕೆ ಸುಂಕವಿಲ್ಲ, 40 ಡಾಲರ್‌ವರೆಗೆ ತೆರಿಗೆಯೂ ಇಲ್ಲ. ಸಣ್ಣ ಪೊಟ್ಟಣ ಎಂಬ ಒಂದು ವರ್ಗವೇ ಆ ಕಾನೂನಿಗೆ ಕಾಣುತ್ತದೆ. ಮೋಜಿಗೆ ಅಲ್ಲಿ ರಿಯಾಯಿತಿ, ಹೊಟ್ಟೆಪಾಡಿಗೆ ಇಲ್ಲಿ 77.28. ನಮ್ಮಲ್ಲೂ ₹5,000ದವರೆಗಿನ ಉಡುಗೊರೆಗೆ ವಿನಾಯಿತಿ ಇತ್ತು. 2019ರ ಡಿಸೆಂಬರಿನಲ್ಲಿ ತೆಗೆದರು, ಅದರ ದುರುಪಯೋಗ ಆಗುತ್ತಿತ್ತೆಂದು. ಆಗುತ್ತಿದ್ದಿರಬಹುದು. ಅದಕ್ಕೆ ಮದ್ದು ಮೀನುಗಾರನ ಬಾಗಿಲನ್ನೂ ಸೇರಿಸಿ ಮುಚ್ಚುವುದೇ?

ಬಾಗಿಲು ಮುಚ್ಚಿದಲ್ಲಿ ಜನ ಕಿಟಕಿ ಹುಡುಕುತ್ತಾರೆ. ನಮ್ಮ ಕರಾವಳಿಯ ಕಿಟಕಿಯ ಹೆಸರು ಗಲ್ಫ್. ದುಬೈಯಲ್ಲಿ ದುಡಿಯುವ ಮಗನೋ ಅಳಿಯನೋ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಚಾಕಲೇಟಿನ ಪಕ್ಕ ಪ್ಲಗ್ಗು, ಗ್ಯಾಸ್ಕೆಟ್ಟು, ಇಂಪೆಲ್ಲರ್. ಇದನ್ನು ಕೇಳಿದವರು ‘ಎಷ್ಟು ಚೆಂದ, ಸಮುದಾಯದ ಬಾಂಧವ್ಯ’ ಎಂದು ಬರೆದುಕೊಳ್ಳುತ್ತಾರೆ. ದುಬೈಯಲ್ಲಿ ಯಾರೂ ಇಲ್ಲದವರ ದೋಣಿ ಏನು ಮಾಡಬೇಕು ಎಂದು ಕೇಳಿದರೆ ಬಾಂಧವ್ಯದ ಮಾತು ಅಲ್ಲಿಗೆ ನಿಲ್ಲುತ್ತದೆ. ನಾನೂ ಒಂದು ಸೂಟ್‌ಕೇಸೇ. ಊರಿನ ನಾಲ್ಕನೇ ದೋಣಿಯವರಿಗೆ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವ ಸೋದರಳಿಯರಿಲ್ಲ.

ಇಷ್ಟು ಹೇಳಿದರೆ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಮೊದಲನೆಯದು: ‘ಇಲ್ಲೇ ತಯಾರಿಸಬೇಕು, ಆತ್ಮನಿರ್ಭರ ಆಗಬೇಕು’. ಆಗಲಿ, ಯಾರು ಬೇಡವೆಂದರು? ಒಂದು ರಬ್ಬರಿನ ಚಕ್ರ ಅಚ್ಚು ಹಾಕುವುದು ಪೀಣ್ಯಕ್ಕೆ ಆಗದ ಕೆಲಸವಲ್ಲ. ಆದರೆ ತಯಾರಿಸುವವರೆಗೆ ಸುಂಕ ಹಾಕಿ ಕೂತರೆ ಆ ಶಿಕ್ಷೆ ಬೀಳುವುದು ತಯಾರಿಸದವರ ಮೇಲಲ್ಲ, ಬಳಸುವವನ ಮೇಲೆ. ಆಮದು ಮೋಟಾರಿಗೆ ಸಹಾಯಧನ ಕೊಟ್ಟು ಹಂಚುವಾಗ ಇಲ್ಲದ ಸ್ವದೇಶಿ ಛಲ ಅದರ ಗ್ಯಾಸ್ಕೆಟ್ಟಿನ ಹೊತ್ತಿಗೆ ಎಲ್ಲಿಂದ ಬರುತ್ತದೆ?

ಎರಡನೆಯದು ಪರಿಸರದವರದು, ಅದನ್ನು ನಾನು ಹೆಚ್ಚು ಗೌರವದಿಂದ ಕೇಳುತ್ತೇನೆ: ‘ಟೂ-ಸ್ಟ್ರೋಕ್ ಕೊಳಕು, ಅದನ್ನು ಬದುಕಿಸುವುದೇಕೆ? ಸಾಯಲಿ.’ ನಿಜ, ಕೊಳಕು. ಅರೆಸುಟ್ಟ ಎಣ್ಣೆ ನೀರಿಗೆ ಹೋಗುತ್ತದೆ. ಸೀಮೆಎಣ್ಣೆಯ ಎಂಜಿನ್‌ನಿಂದ ಪೆಟ್ರೋಲ್, ಡೀಸೆಲ್‌ಗೆ ಬದಲಾಗಲು ಸಹಾಯಧನ ಕೊಡುತ್ತೇವೆಂದು ರಾಜ್ಯ ಸರ್ಕಾರವೂ 2023ರಲ್ಲಿ ಬಜೆಟ್ಟಿನಲ್ಲೇ ಹೇಳಿತು. ಬದಲಾಗಲಿ. ಆದರೆ ಹೊಸ ಫೋರ್-ಸ್ಟ್ರೋಕಿಗೆ ಇಂಪೆಲ್ಲರ್ ಬೇಡವೇ? ಅದೂ ಮರಳಿನ ನೀರನ್ನೇ ಕುಡಿಯಬೇಕು. ಅದರ ಮೇಲೆ ಎಲೆಕ್ಟ್ರಾನಿಕ್ ಸೆನ್ಸರುಗಳು ಬೇರೆ. ಅವನ್ನು ನಮ್ಮ ಮೆಕ್ಯಾನಿಕ್ ಕೆತ್ತಿ ಕೂರಿಸಲಾರರು. ಇಂದು ಬಿಡಿಭಾಗಕ್ಕೆ ದಾರಿ ಮಾಡದೆ ನಾಳೆ ಹೊಸ ಎಂಜಿನ್ ಕೊಟ್ಟರೆ, ಅದು ಮೂರನೇ ಮಳೆಗಾಲಕ್ಕೆ ಕೊಟ್ಟಿಗೆಯ ಮೂಲೆ ಸೇರುತ್ತದೆ. ಹಳೇ ಕೊಳಕು ಮೋಟಾರನ್ನೇ ಮತ್ತೆ ಕಟ್ಟುತ್ತಾರೆ, ಏಕೆಂದರೆ ಅದನ್ನು ತಂತಿ ಸುತ್ತಿಯಾದರೂ ಓಡಿಸಬಹುದು.

ಮೂರನೆಯದು ‘ಮಾರುಕಟ್ಟೆ ತಾನೇ ಸರಿಮಾಡುತ್ತದೆ’. ಎವಿನ್‌ರೂಡ್ ಹೆಸರನ್ನು ನೋಡಿ. ಓಲೆ ಎವಿನ್‌ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕೆ ಬಿಟ್ಟ ಮೋಟಾರಿನಿಂದಲೇ ಔಟ್‌ಬೋರ್ಡ್ ಲೋಕದಲ್ಲಿ ಮನೆಮಾತಾಯಿತು. ನೂರಹನ್ನೊಂದು ವರ್ಷದ ಆ ಹೆಸರನ್ನು ಅದರ ಒಡೆಯ ಕಂಪನಿ 2020ರ ಮೇ ತಿಂಗಳಲ್ಲಿ ಒಂದು ಪ್ರಕಟಣೆ ಕೊಟ್ಟು ಮುಚ್ಚಿತು. ಅಮೆರಿಕದಂಥ ಮಾರುಕಟ್ಟೆಯಲ್ಲೇ ಒಂದು ಮೋಟಾರು ಹೀಗೆ ಅನಾಥವಾಗಬಹುದಾದರೆ, ಗಂಗೊಳ್ಳಿಯ ಸೀಮೆಎಣ್ಣೆ ಮಾದರಿಯ ಭವಿಷ್ಯವನ್ನು ಯಾವ ಮಾರುಕಟ್ಟೆ ಯೋಚಿಸಿ ಕೂತಿದೆ?

ಹಾಗಿದ್ದರೆ ದಾರಿ ಇಲ್ಲವೇ? ಇದೆ. ಅದನ್ನು ನೋಡಲು ದುಬೈಗೆ ಹೋಗಬೇಕಿಲ್ಲ, ತಲಪಾಡಿ ದಾಟಿದರೆ ಸಾಕು. ಅಲ್ಲಿಂದ ಮಂಜೇಶ್ವರ, ಕಾಸರಗೋಡು. ಕನ್ನಡ ಮಾತಾಡುವ ಊರುಗಳೇ, ಆಡಳಿತ ಮಾತ್ರ ಕೇರಳದ್ದು. 1984ರಲ್ಲಿ ಹುಟ್ಟಿದ ಮತ್ಸ್ಯಫೆಡ್ ಎಂಬ ಮೀನುಗಾರರ ಸಹಕಾರಿ ಮಹಾಮಂಡಳಿ ಆ ರಾಜ್ಯದಲ್ಲಿ ‘ವ್ಯಾಸ ಸ್ಟೋರ್ಸ್’ ಹೆಸರಿನ ಅಂಗಡಿಗಳಲ್ಲಿ ಮೀನುಗಾರಿಕೆಯ ಸಲಕರಣೆ ಮಾರುತ್ತದೆ, ಔಟ್‌ಬೋರ್ಡ್ ಮೋಟಾರುಗಳ ವರ್ಕ್‌ಶಾಪುಗಳನ್ನೂ ನಡೆಸುತ್ತದೆ. ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಕೇರಳದ ಮೀನುಗಾರರಿಗೂ ಸೀಮೆಎಣ್ಣೆಯ ದರದ ಗೋಳು ತಪ್ಪಿಲ್ಲ. ಆದರೆ ಮೋಟಾರು ಕೊಟ್ಟರೆ ಅದರ ರಿಪೇರಿಯೂ ಸಹಕಾರಿಯ ಜವಾಬ್ದಾರಿ ಎಂಬ ವಿಚಾರ ಅಲ್ಲಿ ಒಪ್ಪಿತವಾಗಿದೆ. ಒಂದೇ ಕಡಲು, ಒಂದೇ ಮೋಟಾರು, ನಡುವೆ ಒಂದು ಚೆಕ್‌ಪೋಸ್ಟು.

ನಮ್ಮಲ್ಲಿ ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮವಿದೆ, 1970ರಿಂದ, ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು. ಬೆಂಗಳೂರಿಗರಿಗೆ ಅದು ಗೊತ್ತಿರುವುದು ಕಬ್ಬನ್ ಪಾರ್ಕಿನ ಮತ್ಸ್ಯದರ್ಶಿನಿಯ ಅಂಜಲ್ ಫ್ರೈ ಮೂಲಕ. ನಾನೂ ಅಲ್ಲಿ ತಿಂದಿದ್ದೇನೆ, ಚೆನ್ನಾಗಿದೆ. ಬೆಂಗಳೂರಿನ ತಟ್ಟೆಗೆ ಮೀನು ತಲುಪಿಸುವ ವ್ಯವಸ್ಥೆ ಮಾಡಲು ಬರುವ ಸರ್ಕಾರಕ್ಕೆ ಗಂಗೊಳ್ಳಿಯ ಬಂದರಿನಲ್ಲಿ ಒಂದು ಕಬ್ಬಿಣದ ಕಪಾಟು ಇಡಲು ಬರುವುದಿಲ್ಲವೇ? ಅಂಥ ಕಪಾಟು ಅಲ್ಲಿ ನಾನು ಕಂಡಿಲ್ಲ. 2020ರಲ್ಲಿ ಘೋಷಿಸಿದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮೊತ್ತ ₹20,050 ಕೋಟಿ. ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ, ಬಲೆ ಕೊಡುವ ಬಾಬತ್ತೂ ಅದರಲ್ಲಿದೆ. ಕೊಡುವುದಕ್ಕೆ ಫೋಟೋ ಇದೆ, ಶಾಲು ಇದೆ, ವೇದಿಕೆ ಇದೆ. ಇಂಪೆಲ್ಲರ್ ಬದಲಿಸಿದ್ದಕ್ಕೆ ಯಾರೂ ವೇದಿಕೆ ಕಟ್ಟುವುದಿಲ್ಲ.

‘ರಿಪೇರಿಯ ಹಕ್ಕು’ ಎಂಬ ಮಾತನ್ನಾದರೂ ನಮ್ಮ ದೇಶ ಆಡತೊಡಗಿದೆ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ಬಂತು. ಕಂಪನಿಗಳು ಕೈಪಿಡಿ, ಬಿಡಿಭಾಗದ ವಿವರ ಅಲ್ಲಿ ಹಂಚಿಕೊಳ್ಳಬೇಕು ಎಂಬ ಆಶಯ. ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲು-ಎಲೆಕ್ಟ್ರಾನಿಕ್ಸು, ಗೃಹಬಳಕೆಯ ಯಂತ್ರ, ವಾಹನ. ಟ್ರ್ಯಾಕ್ಟರು ಇದೆ, ಫ್ರಿಜ್ಜು ಇದೆ. ದೋಣಿಯ ಮೋಟಾರು ಇಲ್ಲ. ನೆಲದ ಮೇಲೆ ಕೆಟ್ಟು ನಿಂತರೆ ಕೆಳಗಿಳಿದು ತಳ್ಳಬಹುದಾದ ಯಂತ್ರಗಳೆಲ್ಲ ಪಟ್ಟಿಯಲ್ಲಿವೆ.

ಇನ್ನು ನನ್ನ ಓಣಿಯ ಜಗಳ. ಗವಿಪುರಂನಿಂದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ನಡೆದೇ ಹೋಗುತ್ತೇನೆ. ಅವರ ಎಂಟು ಸಂಪುಟದ ನಿಘಂಟಿನಲ್ಲಿ ದೋಣಿ, ಹುಟ್ಟು, ಚುಕ್ಕಾಣಿ, ಲಂಗರು ಎಲ್ಲವೂ ಇವೆ. ಲಂಗರು ಪಾರಸಿಯಿಂದ ಬಂದದ್ದು, ಚಾವಿ ಪೋರ್ಚುಗೀಸರಿಂದ. ಕಡಲಾಚೆಯಿಂದ ಬಂದ ವಸ್ತುವಿಗೆ ಕನ್ನಡದ ಬಾಯಿ ಒಂದು ಹೆಸರು ಕೊಟ್ಟು ಒಳಗೆ ಕರೆದುಕೊಂಡಿತು. ನಲವತ್ತು ವರ್ಷದಿಂದ ಬಂದು ಕೂತ ಮೋಟಾರಿಗೂ ಜನ ಹೆಸರು ಕೊಟ್ಟಿದ್ದಾರೆ, ಬರೆದುಕೊಂಡಿಲ್ಲ, ಅಷ್ಟೆ. ನೀರಿನ ಫ್ಯಾನನ್ನು ಪ್ರಬಂಧದಲ್ಲಿ ಸೇರಿಸಿದಾಗ ‘ಇದು ಜಾನಪದವೇ?’ ಎಂದು ನನ್ನನ್ನು ಕೇಳಿದರು. ಅಜ್ಜನ ಹುಟ್ಟು ಜಾನಪದ, ಮೊಮ್ಮಗನ ಇಂಪೆಲ್ಲರ್ ಅಲ್ಲ. ಈ ಮನೋಭಾವಕ್ಕೂ ಆ 9804ನೇ ಶೀರ್ಷಿಕೆಗೂ ಹತ್ತಿರದ ನಂಟಿದೆ: ಎರಡಕ್ಕೂ ಮೀನುಗಾರ ಯಂತ್ರದ ಒಡೆಯನಾಗಿ ಕಾಣುವುದಿಲ್ಲ. ಒಂದಕ್ಕೆ ಅವನು ಹಾಡುಗಾರ, ಇನ್ನೊಂದಕ್ಕೆ ಶೋಕಿಲಾಲ. ಮೋಟಾರಿನ ಜೊತೆ ಬರುವ ಕೈಪಿಡಿ ಹಲವು ಭಾಷೆಗಳಲ್ಲಿರುತ್ತದೆ. ನನ್ನ ಕೈಗೆ ಬಂದ ಯಾವುದರಲ್ಲೂ ಕನ್ನಡವಿಲ್ಲ. ವಿಶ್ವವಿದ್ಯಾಲಯಗಳ ಅನುವಾದ ವಿಭಾಗಗಳಿಗೆ ಒಂದು ಸೆಮಿಸ್ಟರಿನ ಕೆಲಸ ಅದು. ಮೆಕ್ಯಾನಿಕ್‌ರನ್ನು ಕೂರಿಸಿಕೊಂಡು ಮಾಡಿದರೆ ನಮ್ಮ ಕನ್ನಡವೂ ಸ್ವಲ್ಪ ಎಣ್ಣೆ ಹಚ್ಚಿಕೊಂಡೀತು.

ನಾನು ಕೇಳುತ್ತಿರುವುದು ಉಚಿತವಲ್ಲ. ಮೀನುಗಾರರ ಗುರುತಿನ ಚೀಟಿ, ದೋಣಿಯ ನೋಂದಣಿ ಸಂಖ್ಯೆ ಈಗಾಗಲೇ ಇವೆ. ಕೊರಿಯರಿನ ನಮೂನೆಯಲ್ಲಿ ನೋಂದಣಿ ಸಂಖ್ಯೆ ಬರೆಯಲು ಒಂದು ಚೌಕ, ಬರೆದವರಿಗೆ ಕಾನೂನಿನಲ್ಲೇ ಇರುವ ಶೇ. 5. ನಿಗಮವೋ ಜಿಲ್ಲೆಯ ಸಹಕಾರಿ ಮಹಾಮಂಡಳಿಯೋ ಒಟ್ಟಾಗಿ ತರಿಸಿ ಗಂಗೊಳ್ಳಿ, ಮಲ್ಪೆ, ಹೊನ್ನಾವರದಂಥ ಕಡೆ ಅಸಲಿ ಬೆಲೆಗೆ ಮಾರಲಿ; ನನ್ನ ಏಜೆನ್ಸಿಯನ್ನು ನಾನು ಸಂತೋಷದಿಂದ ಮುಚ್ಚುತ್ತೇನೆ. ಕಪಾಟಿನಲ್ಲಿ ಏನಿರಬೇಕೆಂದು ಸಮಿತಿ ಮಾಡಬೇಕಿಲ್ಲ. ಮೆಕ್ಯಾನಿಕ್ ತಮ್ಮ ನೋಟ್‌ಬುಕ್ಕಿನಿಂದ ತೆಗೆದು ಒಂದೇ ಪುಟದಲ್ಲಿ ಬರೆದುಕೊಟ್ಟಿದ್ದಾರೆ: 9.9 ಎಚ್‌ಪಿಗೆ ನೀರಿನ ಫ್ಯಾನು, ಅದರ ಕೀಲಿ, ತಳದ ಗ್ಯಾಸ್ಕೆಟ್, ಪ್ರೊಪೆಲ್ಲರ್ ದಂಡದ ಎರಡು ಸೀಲು, ಡಯಾಫ್ರಂ, ಪ್ಲಗ್ಗು, ಎಳೆಯುವ ಹಗ್ಗ, ಇಗ್ನಿಷನ್ ಕಾಯಿಲು. ಪ್ರತಿಯೊಂದರ ಮುಂದೆ ಸಂಖ್ಯೆ, ಸಂಖ್ಯೆಯ ಮುಂದೆ ಒಂದು ಮಳೆಗಾಲಕ್ಕೆ ಎಷ್ಟು ಬೇಕೆಂಬ ಲೆಕ್ಕ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು: ‘ಮೇ 25ರ ಒಳಗೆ ಬರಬೇಕು. ಆಮೇಲೆ ಬಂದರೆ ಬೇಡ.’